ಕರಿಘಟ್ಟದ ಮೇಲೆ ಮಿನುಗಿದ ಕೆಂಪು ದೀಪ

ಹೋದ ವರ್ಷ ಕಾರ್ತಿಕ ಮಾಸದಲ್ಲಿ ಊರಿಗೆ ಹೋಗಿದ್ದಾಗ ನಡೆದದ್ದು. ನಮ್ಮೂರು ಕರಿಘಟ್ಟದಿಂದ ಕೂಗಳತೆ ದೂರ. ಅಮ್ಮನಿಗೆ ಶ್ರೀನಿವಾಸನ ದರ್ಶನ ಆಗ್ಬೇಕು, ಆದ್ರೆ ಮೆಟ್ಟಿಲು ಹತ್ತೋಕೆ ಮಂಡಿ ಒಪ್ಪಲ್ಲ. ಸರಿ, ಅಪ್ಪನ ಹಳೇ ಪೆಟ್ರೋಲ್ ಕಾರಿನಲ್ಲೇ ಬೆಟ್ಟ ಹತ್ತಿಸಿದೆ. ಮೀಟರ್ 1,38,000 ಕಿಲೋಮೀಟರ್ ತೋರಿಸ್ತಿತ್ತು. ಮೇಲೆ ಹೋಗಿ ನೆರಳು ನೋಡಿ ನಿಲ್ಲಿಸ್ತಾ ಇದ್ದೆ, ಇಂಜಿನ್ ಇನ್ನೂ ಆರಿಸಿರ್ಲಿಲ್ಲ. ಆಯಿಲ್ ಪ್ರೆಶರಿನ ಕೆಂಪು ದೀಪ ಎರಡು ಸಲ ಮಿನುಗಿ ಆರಿತು.

"ಅದು ಆಗಾಗ ಹಂಗೇ ಬರುತ್ತೆ. ಸ್ವಲ್ಪ ಆಕ್ಸಿಲೇಟರ್ ಕೊಟ್ರೆ ಹೋಗುತ್ತೆ ಬಿಡು" ಅಂದ್ರು ಅಪ್ಪ.

ಆ "ಆಗಾಗ" ಕೇಳಿ ನನ್ನ ಎದೆ ಧಸಕ್ ಅಂತು. ಕೆಳಗೆ ಲೋಕಪಾವನಿ, ಆಚೆ ಕಾವೇರಿ, ಅದರಾಚೆ ಶ್ರೀರಂಗಪಟ್ಟಣ... ಯಾವುದೂ ಕಣ್ಣಿಗೆ ಬೀಳಲಿಲ್ಲ. ಇಂಜಿನ್ ಆರಿಸಿ ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಮಟ್ಟ ಸರಿಯಾಗೇ ಇತ್ತು. ಹಾಗಾದ್ರೆ ತೊಂದರೆ ಒಳಗೇ ಇದೆ ಅಂತಾಯ್ತು. ಕಾರನ್ನ ಟೋ ಮಾಡಿಸಿ ಕೆಳಗಿಳಿಸಿದ್ವಿ. ಊರಿನವರ ಮುಂದೆ ಕಾರು ಕಟ್ಟಿಸಿಕೊಂಡು ಹೋಗಿದ್ದಕ್ಕೆ ಅಪ್ಪ ದಾರಿಪೂರ್ತಿ ಮಾತಾಡಲಿಲ್ಲ :)

ಗ್ಯಾರೇಜಿನಲ್ಲಿ ಇಂಜಿನ್ ಮೇಲಿನ ಮುಚ್ಚಳ ಬಿಚ್ಚಿದಾಗ ಗೊತ್ತಾಯ್ತು. ಒಳಗೆಲ್ಲಾ ಕಪ್ಪು ಜೆಲ್ಲಿ! ಬೆರಳಲ್ಲಿ ಕೆರೆದರೆ ಬೆರಳಿಗೇ ಮೆತ್ತಿಕೊಳ್ತಿತ್ತು. ಇದಕ್ಕೆ ಸ್ಲಡ್ಜ್ ಅಂತಾರೆ.

ಅಪ್ಪನ ವಾದ ಬಹಳ ಸರಳ. "ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಕೂಡ ಓಡಲ್ಲ. ಓಡದೇ ಇರೋ ಗಾಡಿಗೆ ಆಯಿಲ್ ಯಾಕೆ ಚೇಂಜ್ ಮಾಡ್ಬೇಕು?" ರಿಟೈರ್ ಆದ ಮೇಲೆ ಕಾರು ಓಡೋದು ಮನೆಯಿಂದ ಪಟ್ಟಣದ ಮಾರ್ಕೆಟ್‌ಗೆ, ವಾಪಸ್ ಮನೆಗೆ. ಕಡಿಮೆಯಾದಾಗ ಅರ್ಧ ಲೀಟರ್ ಸುರಿಯೋದು, ಅಷ್ಟೇ. ಹೀಗೇ ಮೂರು ವರ್ಷ ಕಳೆದಿದೆ. ನಿಮ್ಮ ಮನೆಗಳಲ್ಲೂ ಇದೇ ಮಾತು ಕೇಳಿರ್ತೀರಿ. ನನಗೆ ಜಗಳ ಇರೋದು ಈ ಮಾತಿನ ಜೊತೆಗೇ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತೆ. ಹೌದು, ನೀರೇ. ಹೆಚ್ಚಿನದು ಆವಿಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತೆ. ಸ್ವಲ್ಪ ಮಾತ್ರ ಪಿಸ್ಟನ್ ರಿಂಗುಗಳ ಸಂದಿಯಿಂದ, ಹೊಗೆ ಮತ್ತು ಉರಿಯದ ಪೆಟ್ರೋಲಿನ ಜೊತೆ, ಕೆಳಗಿನ ಆಯಿಲ್ ಸಂಪಿಗೆ ಇಳಿಯುತ್ತೆ. ಮೈಸೂರಿನಿಂದ ಬೆಂಗಳೂರಿಗೆ ಒಂದೇ ಸಮನೆ ಓಡಿಸಿದರೆ ಆಯಿಲ್ ಚೆನ್ನಾಗಿ ಕಾಯ್ದು ಆ ನೀರು, ಪೆಟ್ರೋಲು ಆವಿಯಾಗಿ ಹೋಗುತ್ತೆ. ನಾಲ್ಕು ಕಿಲೋಮೀಟರ್ ಹೋಗಿ ಆರಿಸಿದರೆ? ಆಯಿಲ್ ಕಾಯುವಷ್ಟರಲ್ಲೇ ಪಯಣ ಮುಗಿದಿರುತ್ತೆ. ಎಲ್ಲಾ ಅಲ್ಲೇ ಉಳಿದು ಆಮ್ಲವಾಗಿ, ಮಡ್ಡಿಯಾಗಿ ಕೂರುತ್ತೆ. ಅಂದ್ರೆ ಅಪ್ಪನ "ಓಡದೇ ಇರೋ ಗಾಡಿ" ಹೈವೇ ಟ್ಯಾಕ್ಸಿಗಿಂತ ಬೇಗ ಆಯಿಲ್ ಕೆಡಿಸುತ್ತೆ. ಅದರ ಮೇಲೆ ಲಕ್ಷ ದಾಟಿದ ಇಂಜಿನ್. ರಿಂಗು ಸವೆದಿರೋದ್ರಿಂದ ಕೆಳಗಿಳಿಯೋ ಕೊಳೆಯೂ ಜಾಸ್ತಿ.

ಹಾಗಾದ್ರೆ ಆಯಿಲ್ ಏನು ಮಾಡುತ್ತೆ? ನಮ್ಮ ಮಂಡ್ಯ ಸೀಮೆಯವರಿಗೆ ಆಲೆಮನೆ ಉದಾಹರಣೆ ಕೊಟ್ರೆ ಸಾಕು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಬೆಂಡೆ ಗಿಡದ ಲೋಳೆ ಹಾಕ್ತಾರೆ. ಅದು ಕೊಳೆಯನ್ನೆಲ್ಲ ಹಿಡಿದು ಮೇಲಕ್ಕೆ ತರುತ್ತೆ, ಜಾಲರಿ ಸೌಟಿನಲ್ಲಿ ತೆಗೆದು ಎಸೀತಾರೆ. ಆಯಿಲ್‌ನಲ್ಲೂ ಡಿಟರ್ಜೆಂಟ್, ಡಿಸ್ಪರ್ಸೆಂಟ್ ಅನ್ನೋ ರಾಸಾಯನಿಕಗಳಿರುತ್ತವೆ. ಮೊದಲನೆಯದು ಆಮ್ಲವನ್ನ ಕೊಲ್ಲುತ್ತೆ, ಬಿಸಿ ಲೋಹಕ್ಕೆ ಮಡ್ಡಿ ಅಂಟದ ಹಾಗೆ ನೋಡಿಕೊಳ್ಳುತ್ತೆ. ಎರಡನೆಯದು ಮಸಿಯ ಕಣಗಳನ್ನ ಒಂದಕ್ಕೊಂದು ಸೇರಲು ಬಿಡದೆ ಆಯಿಲ್‌ನಲ್ಲೇ ತೇಲಿಸಿ ಇಟ್ಟುಕೊಳ್ಳುತ್ತೆ. ಆಯಿಲ್ ಕಪ್ಪಾದ್ರೆ ಕಳಪೆ ಆಯಿಲ್ ಅಂತ ಬೈತೀವಲ್ಲ, ನಿಜವಾಗಿ ಅದು ಕೆಲಸ ಮಾಡಿದ ಗುರುತು. ಆದರೆ ಆಲೆಮನೆಯಲ್ಲಿ ಕೊಳೆ ತೆಗೆದು ಎಸೀತಾರೆ. ಇಂಜಿನ್‌ನಲ್ಲಿ ಎಸೆಯೋದು ಅಂದ್ರೆ ಆಯಿಲ್ ಡ್ರೈನ್ ಮಾಡೋದು. ಅದನ್ನ ಮಾಡದೆ ಮೇಲೆ ಮೇಲೆ ಸುರೀತಾ ಇದ್ರೆ ಹಿಡಿದಿಡೋ ಶಕ್ತಿ ಮುಗಿದು, ತೇಲ್ತಾ ಇದ್ದದ್ದೆಲ್ಲ ತಳ ಹಿಡಿಯುತ್ತೆ.

ಗ್ಯಾರೇಜಿನಲ್ಲಿ ಮೂರು ಸಲಹೆ ಬಂತು.

ಮೊದಲನೆಯದು, "ಹಳೇ ಗಾಡಿ ಸಾರ್, ದಪ್ಪ ಆಯಿಲ್ ಹಾಕಿ, ದೀಪ ಹೋಗುತ್ತೆ." 20ಡಬ್ಲ್ಯೂ-50 ಹಾಕಿದ್ರೆ ದೀಪ ಆರಿದ್ರೂ ಆರಬಹುದು. ಆದ್ರೆ ಪ್ರೆಶರ್ ಬೇರೆ, ಹರಿವು ಬೇರೆ. ಸಂಪಿನ ತಳದಲ್ಲಿರೋ ಜಾಲರಿ ಮಡ್ಡಿಯಿಂದ ಮುಚ್ಚಿದ್ರೆ ದಪ್ಪ ಆಯಿಲ್ ಇನ್ನೂ ಕಷ್ಟಪಟ್ಟು ನುಗ್ಗಬೇಕು. ಅದು ಜ್ವರ ಬಂದಾಗ ಥರ್ಮಾಮೀಟರ್ ಒಡೆದ ಹಾಗೆ.

ಎರಡನೆಯದು, ಡೀಸೆಲ್ ಸುರಿದು ಹತ್ತು ನಿಮಿಷ ಓಡಿಸಿ ತೊಳೆಯೋದು. ಇಷ್ಟು ಕೊಳೆ ಇರೋ ಇಂಜಿನ್‌ಗೆ ಇದು ಬಹಳ ಅಪಾಯ. ಮಡ್ಡಿ ಕರಗೋ ಬದಲು ತುಂಡು ತುಂಡಾಗಿ ಕಿತ್ತು ಬಂದು ಅದೇ ಜಾಲರಿಗೆ ಬೀಳುತ್ತೆ. ಜೊತೆಗೆ ಡೀಸೆಲ್‌ಗೆ ಬೇರಿಂಗ್ ಕಾಪಾಡೋ ತಾಕತ್ತಿಲ್ಲ.

ಮೂರನೆಯದು, ಸಂಪ್ ಕೆಳಗಿಳಿಸಿ ಜಾಲರಿ ಕೈಯಲ್ಲೇ ತೊಳೆದು, ಹೊಸ ಫಿಲ್ಟರ್ ಹಾಕಿ, ಕಂಪನಿ ಪುಸ್ತಕದಲ್ಲಿ ಹೇಳಿದ ಗ್ರೇಡಿನ ಒಳ್ಳೇ ಆಯಿಲ್ ಹಾಕಿ, ಮೊದಲ ಎರಡು ಸಲ ಬೇಗ ಬೇಗ ಬದಲಿಸೋದು. ಖರ್ಚು ನಾಲ್ಕೂವರೆ ಸಾವಿರ. ಬೇರಿಂಗ್ ಹೋಗಿದ್ರೆ ನಲವತ್ತು ಸಾವಿರ ಆಗ್ತಿತ್ತಂತೆ.

"ನೀನು ಕಂಪ್ಯೂಟರ್ ಸೈನ್ಸ್ ಓದಿದವನು, ಕಾರಿನ ವಿಷಯ ನಿಂಗೇನು ಗೊತ್ತು?" ಅಂತ ಅಪ್ಪ ಕೇಳಿದ್ರು. ಪ್ರಶ್ನೆ ನ್ಯಾಯವಾದದ್ದೇ. ಆದ್ರೂ ಮೂರನೆಯದನ್ನೇ ಮಾಡಿಸಿದೆ.

ಇದು ಬರೀ ನಮ್ಮಪ್ಪನ ಕಥೆ ಅಲ್ಲ. ಅಮೆರಿಕದಲ್ಲಿ ಟೊಯೋಟಾದ 1997ರಿಂದ 2002ರವರೆಗಿನ ಕೆಲವು ಮಾದರಿಗಳಲ್ಲಿ ಇದೇ ಸ್ಲಡ್ಜ್ ದೊಡ್ಡ ಗಲಾಟೆಯಾಗಿತ್ತು. ಮಾಲೀಕರು ಸರಿಯಾಗಿ ಆಯಿಲ್ ಬದಲಿಸಿಲ್ಲ ಅಂತ ಕಂಪನಿ, ಇಂಜಿನ್‌ನಲ್ಲೇ ದೋಷ ಅಂತ ಮಾಲೀಕರು. ಕೊನೆಗೆ 2002ರಲ್ಲಿ ಸುಮಾರು 33 ಲಕ್ಷ ವಾಹನಗಳಿಗೆ ಕಂಪನಿ ರಿಪೇರಿಯ ಭರವಸೆ ವಿಸ್ತರಿಸಬೇಕಾಯ್ತು.

ಈಗ ಎಲ್ಲರೂ ಕೇಳೋ ಪ್ರಶ್ನೆ: ಸಿಂಥೆಟಿಕ್ ಹಾಕ್ಬೇಕಾ? ಸಿಂಥೆಟಿಕ್ ಬಿಸಿಗೆ ಬೇಗ ಕೆಡಲ್ಲ, ಕಡಿಮೆ ಮಡ್ಡಿ ಬಿಡುತ್ತೆ, ಇದು ನಿಜ. ಹಳೇ ಇಂಜಿನ್‌ಗೆ ಸಿಂಥೆಟಿಕ್ ಹಾಕಿದ್ರೆ ಸೋರುತ್ತೆ ಅನ್ನೋ ಮಾತೂ ಇದೆ. ಸಾಮಾನ್ಯವಾಗಿ ಸೀಲ್ ಮೊದಲೇ ಹೋಗಿರುತ್ತೆ, ಕೊಳೆ ಅದನ್ನ ಮುಚ್ಚಿಟ್ಟಿರುತ್ತೆ ಅಷ್ಟೇ. ಸೀಲುಗಳನ್ನ ಮೃದುವಾಗಿಡೋಕೆ ಅಂತಲೇ ವಾಲ್ವೊಲಿನ್‌ನವರು 2000ದಲ್ಲಿ 75,000 ಮೈಲಿ ದಾಟಿದ ಗಾಡಿಗಳಿಗೆ ಬೇರೆ ಆಯಿಲ್ ತಂದ್ರು. ನನ್ನ ಅಭಿಪ್ರಾಯ ಕೇಳಿದ್ರೆ, ಮೂರು ವರ್ಷ ಬದಲಿಸದ ದುಬಾರಿ ಸಿಂಥೆಟಿಕ್‌ಗಿಂತ ವರ್ಷಕ್ಕೊಮ್ಮೆ, ಇಂಥ ಸಣ್ಣ ಓಡಾಟದ ಗಾಡಿಗೆ ಆರು ತಿಂಗಳಿಗೊಮ್ಮೆ ಬದಲಿಸೋ ಸಾದಾ ಆಯಿಲ್ ಎಷ್ಟೋ ಮೇಲು. ಡಬ್ಬಿ ಹಿಂದೆ ಎಪಿಐ ಅಕ್ಷರ ನೋಡಿ. ಪೆಟ್ರೋಲ್ ಕಾರಿಗೆ 2010ರ ಎಸ್‌ಎನ್, 2020ರ ಎಸ್‌ಪಿ ಇದ್ರೆ ಒಳ್ಳೇದು. ಬೈಕಿಗೆ ಕಾರಿನ ಆಯಿಲ್ ಬೇಡ, ಜಾಸೋ ಎಂಎ ಅಂತ ಇರೋದನ್ನೇ ಹಾಕಿ, ಇಲ್ದಿದ್ರೆ ಕ್ಲಚ್ ಜಾರುತ್ತೆ. ಸೀಲ್ ಒಡೆದ ಡಬ್ಬಿ, ಅರ್ಧ ಬೆಲೆಯ ಡಬ್ಬಿ ಮುಟ್ಟಲೇಬೇಡಿ.

ಆಮೇಲೆ ಎರಡು ಸಲ ಆಯಿಲ್ ಬದಲಾಯ್ತು. ಮೊದಲ ಸಲ ಡಾಂಬರಿನ ಹಾಗೆ ಇಳಿಯಿತು, ಎರಡನೇ ಸಲ ಕಪ್ಪಾಗಿದ್ರೂ ತೆಳ್ಳಗಿತ್ತು. ಮೊನ್ನೆ ಆಯಿಲ್ ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡಿದೆ. ಅಲ್ಲಲ್ಲಿ ಕಂದು ಕಲೆ ಉಳಿದಿದೆ, ಆದ್ರೆ ಲೋಹ ಕಾಣ್ತಿದೆ. ಅಮ್ಮನ್ನ ಕೂರಿಸ್ಕೊಂಡು ಮತ್ತೆ ಕರಿಘಟ್ಟ ಹತ್ತಿದ್ವಿ, ದೀಪ ಮಿನುಗಲಿಲ್ಲ. ಅಪ್ಪ ಏನೂ ಹೇಳಲಿಲ್ಲ. ಆದ್ರೆ ಡ್ಯಾಶ್‌ಬೋರ್ಡ್ ಪಕ್ಕ ಒಂದು ಸಣ್ಣ ಚೀಟಿ ಅಂಟಿಸಿದ್ದಾರೆ, ಅವರದೇ ಅಕ್ಷರ. ಮುಂದಿನ ಆಯಿಲ್ ಬದಲಿಸೋ ತಾರೀಖು!

ನಿಮ್ಮ ಮನೆ ಹಳೇ ಗಾಡಿಯ ಆಯಿಲ್ ಬದಲಿಸಿ ಎಷ್ಟು ದಿನ ಆಯ್ತು? ಈ ಭಾನುವಾರ ಒಮ್ಮೆ ಮುಚ್ಚಳ ತೆಗೆದು ನೋಡಿ.