ಐದು ಸಾವಿರ ವ್ಯಾಟಿನ ಹಗಲುದರೋಡೆ

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿದೆ: "5000 ವ್ಯಾಟ್ ಪಿ.ಎಂ.ಪಿ.ಓ." ಬೋನಸ್ಸಿನ ಹಣ ಹಿಡಿದು ಬಂದ ಕಾರ್ಮಿಕನೂ, ದೀಪಾವಳಿಯ ವ್ಯಾಪಾರ ಮುಗಿಸಿ ಬಂದ ಸಣ್ಣ ಅಂಗಡಿಕಾರನೂ ಆ ಅಂಕಿಯ ಮುಂದೆ ಬೆರಗಾಗಿ ನಿಲ್ಲುತ್ತಾರೆ. ಸಾಲ ಮಾಡಿ ಕಟ್ಟಿದ ಹೊಸ ಮನೆ. ಪಡಸಾಲೆ, ಊಟದ ಜಾಗ, ಅಡಿಗೆಮನೆ ಮೂರಕ್ಕೂ ನಡುವೆ ಗೋಡೆಯಿಲ್ಲ. ಅಷ್ಟು ದೊಡ್ಡ ಜಾಗ ತುಂಬಲು ಇಷ್ಟು ವ್ಯಾಟ್ ಬೇಡವೇ ಎಂದು ಮಾರುವವನು ಕೇಳುತ್ತಾನೆ. ಬೇಡ ಎನ್ನುತ್ತೇವೆ ನಾವು. ಅಷ್ಟೇ ಅಲ್ಲ, ಆ ಪೆಟ್ಟಿಗೆಯೊಳಗೆ ಅಷ್ಟು ವ್ಯಾಟ್ ಇಲ್ಲವೇ ಇಲ್ಲ ಎಂದೂ ಹೇಳುತ್ತೇವೆ.

ಗಿರಣಿಯಲ್ಲಿ ದುಡಿಯುವವರಿಗೆ ಅಶ್ವಶಕ್ತಿಯ ಲೆಕ್ಕವನ್ನು ಯಾರೂ ಕಲಿಸಬೇಕಿಲ್ಲ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. 5000 ವ್ಯಾಟ್ ಎಂದರೆ ಆರೂವರೆ ಅಶ್ವಶಕ್ತಿಗೂ ಮೀರಿತು. ಅಷ್ಟು ಶಕ್ತಿಯ ಮೋಟಾರಿಗೆ ಎಂಥ ಕೇಬಲ್ ಎಳೆಯುತ್ತಾರೆಂಬುದು ನಿಮಗೆ ಗೊತ್ತು. ಇಲ್ಲಿಯೋ, ಇಲಿಯ ಬಾಲದಂಥ ವಯರು, ಅದರ ತುದಿಯಲ್ಲಿ 6 ಆಂಪಿಯರಿನ ಪ್ಲಗ್ಗು! 230 ವೋಲ್ಟನ್ನು 6 ಆಂಪಿಯರಿನಿಂದ ಗುಣಿಸಿದರೆ ಬರುವುದು 1380 ವ್ಯಾಟ್. ಉಳಿದದ್ದು ಯಾವ ದೇವರ ಪ್ರಸಾದ? ಪೆಟ್ಟಿಗೆಯನ್ನು ತಿರುಗಿಸಿ ಬೆನ್ನ ಮೇಲಿನ ಸಣ್ಣಕ್ಷರ ಓದಿರಿ. ವಿದ್ಯುತ್ ಬಳಕೆ ಎಂಬಲ್ಲಿ ಅನೇಕ ಸಲ ನೂರು ವ್ಯಾಟನ್ನೂ ಮುಟ್ಟದ ಅಂಕಿ ಸಿಗುತ್ತದೆ. ಮುಖದ ಮೇಲೆ ಸುಳ್ಳು, ಬೆನ್ನ ಮೇಲೆ ನಿಜ.

ಈ ಪಿ.ಎಂ.ಪಿ.ಓ. ಎಂಬುದನ್ನು ಅಳೆಯಲು ಸರ್ವಸಮ್ಮತವಾದ ವಿಧಾನವೇ ಇಲ್ಲ. ತಯಾರಕ ಬರೆದದ್ದೇ ಅಂಕಿ. ತಕ್ಕಡಿಯಲ್ಲಿ ಐವತ್ತು ಗ್ರಾಂ ಕಡಿಮೆಯಾದರೆ ಸಣ್ಣ ವ್ಯಾಪಾರಿಯ ಮೇಲೆ ತೂಕ-ಅಳತೆಯ ಇನ್ಸ್‌ಪೆಕ್ಟರರು ಎಗರಿ ಬೀಳುತ್ತಾರೆ. ಅರವತ್ತನ್ನು ಐದು ಸಾವಿರವೆಂದು ಅಚ್ಚು ಹಾಕಿಸಿದವನ ಮುಂದೆ ಅವರ ತಕ್ಕಡಿ ಏಕೆ ಮೇಲೇಳುವುದಿಲ್ಲ? ಬಂಡವಾಳಗಾರರ ಸ್ವರ್ಗವೆನಿಸಿದ ಅಮೆರಿಕದಲ್ಲಿಯೇ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಆಂಪ್ಲಿಫೈಯರಿನ ಶಕ್ತಿಯನ್ನು ಹೇಗೆ ಅಳೆದು ಜಾಹೀರಾತು ಮಾಡಬೇಕೆಂದು ನಿಯಮ ಮಾಡಿತು. 2024ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ನಮ್ಮವರಿಗೆ ಇದಾವುದರ ಗೊಡವೆಯಿಲ್ಲ.

ಇನ್ನು ದೊಡ್ಡ ಪಡಸಾಲೆಯ ಮಾತು. ವ್ಯಾಟನ್ನು ಇಮ್ಮಡಿ ಮಾಡಿದರೆ ಸದ್ದು ಇಮ್ಮಡಿಯಾಗುವುದಿಲ್ಲ. ಹೆಚ್ಚುವುದು 3 ಡೆಸಿಬೆಲ್, ಕಿವಿಗೆ ತಿಳಿದೂ ತಿಳಿಯದಷ್ಟು. ಸದ್ದು ಇಮ್ಮಡಿಯಾಯಿತೆಂದು ಕಿವಿಗೆ ಅನ್ನಿಸಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು. ಆದುದರಿಂದ ಕೇಳಬೇಕಾದ ಮೊದಲ ಪ್ರಶ್ನೆ ವ್ಯಾಟಿನದಲ್ಲ, ಸ್ಪೀಕರಿನ ಸೆನ್ಸಿಟಿವಿಟಿಯದು: ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು? 84 ಡೆಸಿಬೆಲ್ಲಿನ ಸ್ಪೀಕರು 40 ವ್ಯಾಟ್ ನುಂಗಿ ಮಾಡುವ ಕೆಲಸವನ್ನು 90 ಡೆಸಿಬೆಲ್ಲಿನದು 10 ವ್ಯಾಟಿನಲ್ಲಿ ಮಾಡುತ್ತದೆ. ದೂರ ಇಮ್ಮಡಿಯಾದರೆ ಬಯಲಿನಲ್ಲಿ 6 ಡೆಸಿಬೆಲ್ ಇಳಿಯುತ್ತದೆ. ಆ ಲೆಕ್ಕ ಹಿಡಿದರೂ 90ರ ಸ್ಪೀಕರು ಒಂದೇ ವ್ಯಾಟಿನಲ್ಲಿ ಹದಿಮೂರು ಅಡಿ ಆಚೆಗೆ 78 ಡೆಸಿಬೆಲ್ ಮುಟ್ಟಿಸುತ್ತದೆ. ಇದು ನಾಲ್ಕು ಜನ ಕೂತು ಮಾತಾಡುವ ಸದ್ದಿಗಿಂತ ಜೋರು.

ತೊಂದರೆ ಇರುವುದು ಸದ್ದು ಸಾಲದೆಂಬಲ್ಲಿ ಅಲ್ಲ, ಸದ್ದು ಸಾಯುವುದಿಲ್ಲ ಎಂಬಲ್ಲಿ. ನುಣುಪು ಟೈಲ್ಸ್, ಬೋಳು ಗೋಡೆ, ಗಾಜಿನ ಕಿಟಕಿ: ಹಾಡಿನ ಒಂದು ಮಾತು ಮುಗಿಯುವ ಮೊದಲೇ ಹಿಂದಿನ ಮಾತಿನ ಮಾರ್ದನಿ ಬಂದು ಮೇಲೆ ಬೀಳುತ್ತದೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಒಂದು ಉಪನ್ಯಾಸ ಕೊಠಡಿಯಲ್ಲಿ ಮೇಷ್ಟರ ಪಾಠವೇ ತಿಳಿಯುತ್ತಿರಲಿಲ್ಲ. ವ್ಯಾಲೆಸ್ ಸಬೀನ್ ಎಂಬ ತರುಣ ಅಧ್ಯಾಪಕ ಅಳೆದು ನೋಡಿದರೆ, ಸದ್ದು ಅಡಗಲು ಐದೂವರೆ ಸೆಕೆಂಡು ಹಿಡಿಯುತ್ತಿತ್ತು. ಆತ ಹತ್ತಿರದ ನಾಟಕಶಾಲೆಯ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹಾಸಿ, ಅಳೆದು, ಬೆಳಗಾಗುವುದರೊಳಗೆ ಹಿಂದಿಡುತ್ತಿದ್ದ. ಮೆತ್ತೆ ಹೆಚ್ಚಿದಂತೆ ಮಾರ್ದನಿ ಅಡಗಿತು. ಅಂದರೆ ಪೆಟ್ಟಿಗೆಗೆ ಸುರಿಯುವ ಹಣದಲ್ಲಿ ಸ್ವಲ್ಪ ಉಳಿಸಿ ನೆಲಕ್ಕೊಂದು ನವಲಗುಂದದ ಜಮಖಾನೆ, ಕಿಟಕಿಗೆ ದಪ್ಪ ಪರದೆ ಹಾಕಿಕೊಳ್ಳಿ. ಅಜ್ಜಿ ಹೊಲಿದ ಕೌದಿಯನ್ನು ಗೋಡೆಗೆ ತೂಗುಹಾಕಿದರೂ ನಡೆಯುತ್ತದೆ, ಖರ್ಚೇ ಇಲ್ಲ.

ದುಡಿಯುವವನಿಗೆ ಅನ್ನ ಮುಖ್ಯ, ಸಂಗೀತದ ಷೋಕಿ ಏಕೆಂದು ನಮ್ಮವರೇ ಕೆಲವರು ಮೂಗು ಮುರಿಯುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಮೂವತ್ತು ವರ್ಷ ಮಗ್ಗಗಳ ಗದ್ದಲದಲ್ಲಿ ಕಿವಿ ಸವೆಸಿದವನಿಗೆ ಮೊದಲು ಕೆಡುವುದು 4000 ಹರ್ಟ್ಸ್ ಆಸುಪಾಸಿನ ಸ್ವರ; ಸ, ಶ, ತ ಮೊದಲಾದ ವ್ಯಂಜನಗಳ ಮೊನಚೆಲ್ಲ ಆ ಮೇಲಿನ ಸ್ವರಗಳಲ್ಲಿಯೇ. ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಅಂಥ ಕಿವಿಗೆ ಅಬ್ಬರದ ಪೆಟ್ಟಿಗೆಯನ್ನು ಮಾರುವುದು ಗಾಯದ ಮೇಲೆ ಬರೆ ಎಳೆದಂತೆ. ಅವನಿಗೆ ಬೇಕಾದದ್ದು ಸ್ಪಷ್ಟತೆ, ಮತ್ತು ಆ ಸ್ಪಷ್ಟತೆ ಅವನ ಹಕ್ಕು.

ಐದು ಸ್ಪೀಕರಿನ ಹೋಮ್ ಥಿಯೇಟರಿನ ಆಸೆ ಬಿಡಿ. ಹಿಂಬದಿಯ ಗೋಡೆಯೇ ಇಲ್ಲದ ಮನೆಯಲ್ಲಿ ಹಿಂಬದಿಯ ಸ್ಪೀಕರನ್ನು ಎಲ್ಲಿ ನೇತುಹಾಕುತ್ತೀರಿ, ಒಲೆಯ ಮೇಲೆಯೇ? ಗೋಡೆಗೆ ಬಡಿದು ವಾಪಸು ಬರುವ ಸದ್ದನ್ನೇ ನಂಬಿದ ಸೌಂಡ್‌ಬಾರಿನ ಗತಿಯೂ ಅಷ್ಟೆ. ಎರಡು ಒಳ್ಳೆಯ ಸ್ಪೀಕರು, ಆರ್.ಎಂ.ಎಸ್. ಲೆಕ್ಕದಲ್ಲಿ ಪ್ರಾಮಾಣಿಕ 40-50 ವ್ಯಾಟಿನ ಒಂದು ಸ್ಟೀರಿಯೋ ಆಂಪ್ಲಿಫೈಯರ್ ಸಾಕು. ಸುಸ್ಥಿತಿಯಲ್ಲಿದ್ದರೆ ಹಳೆಯ ಮಾಲೂ ಆದೀತು. ಸ್ಪೀಕರನ್ನು ಮೂಲೆಗೆ ತಳ್ಳದೆ, ಕೂರುವ ಜಾಗದ ಸಮೀಪಕ್ಕೆ, ಕಿವಿಯ ಎತ್ತರಕ್ಕೆ ಇಡಿ.

ಅಂಗಡಿ ನಡೆಸುವ ಗೆಳೆಯರಿಗೂ ಒಂದು ಮಾತು. ಸುಳ್ಳು ಅಚ್ಚು ಹಾಕಿದವನು ನೀವಲ್ಲ. ಆದರೆ ಗಿರಾಕಿ ಜಗಳಕ್ಕೆ ಬರುವುದು ನಿಮ್ಮ ಗಲ್ಲೆಯ ಮುಂದೆ. ಆರ್.ಎಂ.ಎಸ್. ವ್ಯಾಟ್ ಎಷ್ಟೆಂದು ಬಿಲ್ಲಿನಲ್ಲಿ ಬರೆದುಕೊಡಿ. ಕೊಳ್ಳುವವರೂ ಅದನ್ನು ಬರೆಸಿಕೊಳ್ಳದೆ ಹಣ ಎಣಿಸಬೇಡಿ. ಆಮೇಲೆ ಮೋಸ ಬಯಲಾದರೆ ಆ ಬಿಲ್ಲು ಹಿಡಿದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಐದು ಲಕ್ಷ ರೂಪಾಯಿಯವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವಿಲ್ಲ.