ಬೀಳುವ ಹುಡ್‌ಗೆ ಟೇಪಿನ ಮದ್ದು

ಮೊಮ್ಮಗಳ ಕ್ಯಾಮೆರಾ ಲೆನ್ಸಿನ ಮುಂದಿನ ಪ್ಲಾಸ್ಟಿಕ್ ಹುಡ್ ಪದೇ ಪದೇ ಕಳಚಿ ಬೀಳುತ್ತಿತ್ತು. ಭಾನುವಾರ ಅವಳು ರಂಗನತಿಟ್ಟಿನಲ್ಲಿ ದೋಣಿ ಹತ್ತುವವಳು. ಅಲ್ಲಿ ನೀರಿಗೆ ಬಿದ್ದರೆ ಕೈಹಾಕಿ ತೆಗೆಯುವಂತಿಲ್ಲ, ಮೊಸಳೆಗಳಿವೆ!

ಮಕ್ಕಳೇ, ಬಿಸಿಲಿಗೆ ಹಣೆಗೆ ಕೈ ಅಡ್ಡ ಹಿಡಿಯುತ್ತೇವಲ್ಲ, ಹುಡ್ ಮಾಡುವುದೂ ಅದನ್ನೇ. ಓರೆ ಬಿಸಿಲು ಲೆನ್ಸಿಗೆ ಬಿದ್ದರೆ ಚಿತ್ರ ಮಂಕಾಗುತ್ತದೆ.

"ಸೂಪರ್ ಗ್ಲೂ ಹಾಕಿಬಿಡೋಣ ತಾತ" ಎಂದಳು. ಬೇಡವೇ ಬೇಡ. ಅದರ ಆವಿ ಗಾಜಿನ ಮೇಲೆ ಬಿಳಿ ಮಸುಕಾಗಿ ಕೂರುತ್ತದೆ. ಆಮೇಲೆ ಹುಡ್ ಬಿಚ್ಚಲೂ ಆಗದು.

ಲೆನ್ಸಿಗೆ ಮುಚ್ಚಳ ಹಾಕಿಟ್ಟು, ಹಳೆಯ ಟೂತ್‌ಬ್ರಷ್‌ನಿಂದ ಹುಡ್‌ನ ಒಳಸಂದಿಯ ದೂಳು ತೆಗೆದೆವು. ಚುಕ್ಕೆಗೆ ಚುಕ್ಕೆ ಕೂಡಿಸಿ ತಿರುಗಿಸಿದರೂ 'ಟಕ್' ಎನ್ನಲಿಲ್ಲ. ಒಳಗಿನ ಪುಟ್ಟ ಹಲ್ಲುಗಳು ಸವೆದಿದ್ದವು. ಅವುಗಳ ಮೇಲೆ ಅಕ್ಕಿಕಾಳಿನಷ್ಟು ಇನ್ಸುಲೇಷನ್ ಟೇಪ್ ಅಂಟಿಸಿದೆವು. ನೋಟು ಎಣಿಸಿ ಪಳಗಿದ ಬೆರಳುಗಳಿಗೆ ಅದೇನು ಕಷ್ಟ! ಒಂದು ಪದರ ಸಾಲಲಿಲ್ಲ. 2ನೆಯದಕ್ಕೆ ಬಿಗಿಯಾಗಿ ಕೂತಿತು.

ಹೂದಳದಂಥ ಅಂಚಿನ ಹುಡ್ ಆದರೆ ಉದ್ದ ದಳಗಳು ಮೇಲೆ, ಕೆಳಗೆ ಬರಬೇಕು. ಓರೆಯಾದರೆ ಚಿತ್ರದ ಮೂಲೆಗಳು ಕಪ್ಪಾಗಬಹುದು. ಹಲ್ಲೇ ಮುರಿದಿದ್ದರೆ ಟೇಪ್ ನಂಬಬೇಡಿ. ಲೆನ್ಸಿನ ಮೇಲಿರುವ ಹೆಸರು, ಅಂಕಿಗಳನ್ನು ಬರೆದುಕೊಂಡು ಹೋಗಿ ಅದಕ್ಕೆ ಹೊಂದುವ ಹೊಸ ಹುಡ್ ತನ್ನಿ.