ಸೂಪರ್‌ಹೀರೊ ಸತ್ತರೆ ಸಾಯಲಿ ಬಿಡಿ

ಸೀಕ್ವೆಲ್ ಎಂದ ಕೂಡಲೇ ಮೂಗು ಮುರಿಯುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಇಂಟರ್ನಲ್ಸ್ ಮುಗಿದ ಸಂಜೆಯೇ ಬಸ್ ಹತ್ತಿ ಥಿಯೇಟರಿಗೆ ಓಡುವವನು, ಟ್ರೇಲರ್ ಬಿಟ್ಟ ರಾತ್ರಿ ನಿದ್ದೆಗೆಟ್ಟು ಒಂದೊಂದು ಫ್ರೇಮ್ ನಿಲ್ಲಿಸಿ ನೋಡುವವನು. ‘ಅವೆಂಜರ್ಸ್: ಎಂಡ್‌ಗೇಮ್’ ಬಂದ 2019ರಲ್ಲಿ ನಾನಿನ್ನೂ ಹೈಸ್ಕೂಲಿನ ಮೆಟ್ಟಿಲು ಹತ್ತುತ್ತಿದ್ದೆ. ಈಗ ಬಿ.ಇ. ಓದುತ್ತಿದ್ದೇನೆ. ಈ ನಡುವೆ ಬಂದ ಸೂಪರ್‌ಹೀರೊ ಮತ್ತು ವೈಜ್ಞಾನಿಕ ಕಾಲ್ಪನಿಕ ಸಿನಿಮಾಗಳಲ್ಲಿ ನಾನು ತಪ್ಪಿಸಿಕೊಂಡದ್ದು ಬಹಳ ಕಡಿಮೆ. ಹಾಗಾಗಿ ಮುಂದಿನ ಮಾತುಗಳನ್ನು ಹೊರಗಿನವನ ತಕರಾರು ಎಂದುಕೊಳ್ಳಬೇಡಿ, ಮನೆಯವನೇ ಮನೆಯ ಬಗ್ಗೆ ಆಡುತ್ತಿರುವ ಮಾತು ಎಂದುಕೊಳ್ಳಿ.

‘ಅವೆಂಜರ್ಸ್: ಡೂಮ್ಸ್‌ಡೇ’ ಮತ್ತು ‘ಡ್ಯೂನ್’ನ ಮೂರನೆಯ ಭಾಗ, ಎರಡಕ್ಕೂ 2026ರ ಡಿಸೆಂಬರ್ 18 ಎಂದೇ ದಿನಾಂಕ ಘೋಷಣೆಯಾಗಿದೆ. ಮೊದಲು ಯಾವುದಕ್ಕೆ ಹೋಗುವುದು ಎಂಬ ಜಗಳ ನಮ್ಮ ಹಾಸ್ಟೆಲಿನಲ್ಲಿ ಆಗಲೇ ಶುರುವಾಗಿದೆ. ನನ್ನ ಓಟು ‘ಡ್ಯೂನ್’ಗೆ. ಹತ್ತು ವರ್ಷದಿಂದ ಮಾರ್ವೆಲ್ ಟೀ ಶರ್ಟ್ ಹಾಕಿಕೊಂಡು ಓಡಾಡಿದವನು ಹೀಗೇಕೆ ಹೇಳುತ್ತಾನೆ ಎಂದು ಗೆಳೆಯರು ಕೇಳುತ್ತಾರೆ. ಅದಕ್ಕೆ ಉತ್ತರ ಇಲ್ಲಿದೆ.

ಮೊದಲಿಗೆ ಒಂದು ಮಾತು. ಸೀಕ್ವೆಲ್ ಎಂದರೆ ಹಣದಾಸೆಗೆ ಎಳೆದ ಕಥೆ ಎಂಬುದು ಅರ್ಧ ಸತ್ಯ ಮಾತ್ರ. 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಎಂಬ ಎರಡನೆಯ ‘ಸ್ಟಾರ್ ವಾರ್ಸ್’ ಚಿತ್ರ ಇವತ್ತಿಗೂ ಆ ಸರಣಿಯ ಶ್ರೇಷ್ಠ ಚಿತ್ರ ಎಂದು ಬಹಳಷ್ಟು ಅಭಿಮಾನಿಗಳು ಹೇಳುತ್ತಾರೆ. ಅದರ ಕೊನೆಯಲ್ಲಿ ನಾಯಕ ಒಂದು ಕೈ ಕಳೆದುಕೊಂಡಿರುತ್ತಾನೆ, ಶತ್ರುವೇ ತನ್ನ ತಂದೆ ಎಂಬ ಸುದ್ದಿ ಕೇಳಿರುತ್ತಾನೆ, ಗೆಳೆಯನನ್ನು ಶತ್ರುಗಳು ಹೊತ್ತೊಯ್ದಿರುತ್ತಾರೆ. 1991ರ ‘ಟರ್ಮಿನೇಟರ್ 2’ರಲ್ಲಿ, ಮೊದಲ ಭಾಗದಲ್ಲಿ ಕೊಲ್ಲಲು ಬಂದಿದ್ದಂಥದೇ ಯಂತ್ರ ಈ ಸಲ ಕಾಪಾಡಲು ಬರುತ್ತದೆ. ಆ ಹುಡುಗನ ಭವಿಷ್ಯ ಉಳಿಯಲೆಂದು ಕಾದ ಲೋಹದೊಳಗೆ ತಾನಾಗಿ ಇಳಿದು ಇಲ್ಲವಾಗುತ್ತದೆ. 2008ರ ‘ದಿ ಡಾರ್ಕ್ ನೈಟ್’ನಲ್ಲಿ ಊರು ಉಳಿಯುತ್ತದೆ, ಆದರೆ ಉಳಿಸಿದವನೇ ಅಪರಾಧಿಯ ಹಣೆಪಟ್ಟಿ ಹೊತ್ತು ಓಡಿಹೋಗಬೇಕಾಗುತ್ತದೆ.

ಈ ಮೂರರಲ್ಲೂ ಸಾಮಾನ್ಯವಾದದ್ದು ಒಂದಿದೆ. ಗೆದ್ದವರೂ ಏನನ್ನೋ ಕಳೆದುಕೊಂಡಿದ್ದಾರೆ. ಕಥೆ ಮುಂದುವರಿಯಿತು ಎಂದು ನಮಗನಿಸುವುದು ಅದರಿಂದಲೇ. ಒಳ್ಳೆಯ ಸೀಕ್ವೆಲ್‌ಗೆ ನನ್ನ ಅಳತೆಗೋಲು ಇದು: ಪಾತ್ರಗಳು ಬೆಲೆ ತೆತ್ತಿರಬೇಕು, ಮುಂದಿನ ಭಾಗದಲ್ಲಿ ಆ ಬೆಲೆಯನ್ನು ಯಾರೂ ವಾಪಸು ಮಾಡಬಾರದು.

ನಾನು ಕರಾವಳಿಯ ಕಡೆಯವನು. ನಮ್ಮ ಕಡೆ ಯಕ್ಷಗಾನದಲ್ಲಿ ‘ಅಭಿಮನ್ಯು ಕಾಳಗ’ ಎಂಬ ಪ್ರಸಂಗವಿದೆ. ಅಭಿಮನ್ಯು ಚಕ್ರವ್ಯೂಹದೊಳಗೆ ಹೋಗುತ್ತಾನೆ, ಹೊರಗೆ ಬರುವುದಿಲ್ಲ. ಇದು ಆಟ ನೋಡಲು ಬಂದ ಮಗುವಿಗೂ ಗೊತ್ತು. ಆದರೂ ನಡುರಾತ್ರಿಯಲ್ಲಿ ಆ ಹುಡುಗ ಒಬ್ಬನೇ ಮಹಾರಥರ ಎದುರು ನಿಂತಾಗ ಹಿರಿಯರು ಕಣ್ಣೊರೆಸಿಕೊಳ್ಳುತ್ತಾರೆ. ಮುಂದಿನ ಆಟದಲ್ಲಿ ‘ಬೇರೆ ಬ್ರಹ್ಮಾಂಡದ ಅಭಿಮನ್ಯು’ ಬಂದಿದ್ದಾನೆ ಎಂದು ಭಾಗವತರು ಹಾಡಿಬಿಟ್ಟರೆ ಹೇಗಿರುತ್ತದೆ, ಯೋಚಿಸಿ! ಅದೇ ಕಥೆಯನ್ನು ಮತ್ತೆ ಮತ್ತೆ ಹೇಳುವುದು ನಮಗೆ ಹೊಸದಲ್ಲ. ರಾಮಾಯಣ ಬರೆಯುವ ಕವಿಗಳು ವಿಪರೀತ ಹೆಚ್ಚಾದರು ಎಂದು ಕುಮಾರವ್ಯಾಸನೇ ತನ್ನ ಭಾರತದ ಆರಂಭದಲ್ಲಿ ಚೇಷ್ಟೆ ಮಾಡಿದ್ದಾನೆ. ಮರುಕಳಿಕೆಯಿಂದ ಕಥೆ ಸಾಯುವುದಿಲ್ಲ. ಕಥೆಯಲ್ಲಿ ನಡೆದದ್ದನ್ನು ನಡೆದೇ ಇಲ್ಲ ಎಂದಾಗ ಸಾಯುತ್ತದೆ.

ಸೂಪರ್‌ಹೀರೊ ಚಿತ್ರಗಳಲ್ಲಿ ಈಚೆಗೆ ಆಗುತ್ತಿರುವುದು ಅದೇ. 2018ರ ‘ಇನ್ಫಿನಿಟಿ ವಾರ್’ ಆರಂಭದಲ್ಲೇ ಲೋಕಿ ಸತ್ತ. 2021ರಲ್ಲಿ ಅವನದೇ ಇನ್ನೊಂದು ರೂಪವನ್ನಿಟ್ಟು ಒಂದು ಸರಣಿ ಬಂತು. 2017ರ ‘ಲೋಗನ್’ನಲ್ಲಿ ವೊಲ್ವರಿನ್ ಸತ್ತ. ಆ ಚಿತ್ರದ ಕೊನೆಯ ಸಮಾಧಿಯ ದೃಶ್ಯ ಈ ಪ್ರಕಾರದ ಸಿನಿಮಾಗಳಲ್ಲೇ ನನಗೆ ತೀರಾ ಇಷ್ಟವಾದದ್ದು. 2024ರ ‘ಡೆಡ್‌ಪೂಲ್ ಆ್ಯಂಡ್ ವೊಲ್ವರಿನ್’ ಅದೇ ಸಮಾಧಿ ಅಗೆದು, ಎಲುಬುಗಳನ್ನೇ ಆಯುಧ ಮಾಡಿಕೊಂಡು ಕುಣಿಯುವುದರೊಂದಿಗೆ ಶುರುವಾಗುತ್ತದೆ. ಥಿಯೇಟರಿನಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಜಗತ್ತಿನಾದ್ಯಂತ 130 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿದ ಚಿತ್ರ ಅದು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಇನ್ನು ಮುಂದೆ ಈ ಚಿತ್ರಗಳಲ್ಲಿ ಯಾರಾದರೂ ಸತ್ತರೆ ನಾವು ಅಳಬೇಕೆ, ಅಥವಾ ಮುಂದಿನ ಕಾಂಟ್ರ್ಯಾಕ್ಟ್ ಯಾವಾಗ ಎಂದು ಕೇಳಬೇಕೆ? ಟೋನಿ ಸ್ಟಾರ್ಕ್ ಪಾತ್ರದ ಸಾವಿಗೆ ಇಡೀ ಜಗತ್ತು ಅತ್ತಿತ್ತು. ಅದೇ ನಟ ರಾಬರ್ಟ್ ಡೌನಿ ಜೂನಿಯರ್ ‘ಡೂಮ್ಸ್‌ಡೇ’ಯಲ್ಲಿ ಡಾಕ್ಟರ್ ಡೂಮ್ ಆಗಿ ಬರುತ್ತಾರೆ ಎಂಬ ಘೋಷಣೆ 2024ರ ಜುಲೈನಲ್ಲಿ ಹೊರಬಿತ್ತು. ಪಾತ್ರ ಬೇರೆ, ನಿಜ. ಮುಖ ಮಾತ್ರ ಅದೇ. ಕಥೆಗೆ ಆ ಮುಖ ಬೇಕಿತ್ತೋ, ಪೋಸ್ಟರಿಗೆ ಬೇಕಿತ್ತೋ ಎಂಬುದನ್ನು ಚಿತ್ರವೇ ಹೇಳಬೇಕು.

ಇದಕ್ಕೆಲ್ಲ ಮಲ್ಟಿವರ್ಸ್ ಕಾರಣ ಎಂದು ಹಲವರು ದೂರುತ್ತಾರೆ. ಉಪಕರಣವನ್ನು ಬೈದು ಪ್ರಯೋಜನವಿಲ್ಲ. ಕಂಪ್ಯೂಟರಿನಲ್ಲಿ ಅನ್‌ಡೂ ಎಂಬ ಸೌಲಭ್ಯವಿದೆ ಎಂದ ಮಾತ್ರಕ್ಕೆ ಬರೆದದ್ದನ್ನೆಲ್ಲ ಅಳಿಸುತ್ತಾ ಕೂರುತ್ತೇವೆಯೇ? 2021ರ ‘ಸ್ಪೈಡರ್‌ಮ್ಯಾನ್: ನೋ ವೇ ಹೋಮ್’ ಕೂಡ ಮಲ್ಟಿವರ್ಸ್ ಕಥೆಯೇ. ಮೂರು ಸ್ಪೈಡರ್‌ಮ್ಯಾನ್‌ಗಳು ಒಟ್ಟಿಗೆ ಬಂದಾಗ ಥಿಯೇಟರಿನಲ್ಲಿ ಶಿಳ್ಳೆಯ ಸುರಿಮಳೆ. ಆದರೆ ಕೊನೆಯಲ್ಲಿ ಜಗತ್ತನ್ನು ಉಳಿಸಲು ಪೀಟರ್ ತನ್ನ ನೆನಪು ಎಲ್ಲರ ಮನಸ್ಸಿನಿಂದ ಅಳಿಸಿಹೋಗಲಿ ಎಂದು ಒಪ್ಪುತ್ತಾನೆ. ಪ್ರೀತಿಸಿದ ಹುಡುಗಿಯ ಎದುರು ಅಪರಿಚಿತನಂತೆ ನಿಂತು, ಏನೂ ಹೇಳದೆ ಹೊರಟುಬಿಡುತ್ತಾನೆ. ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ಯ ಗಮೋರಾ ಸತ್ತ ಮೇಲೆ ಹಳೆಯ ಕಾಲದಿಂದ ಇನ್ನೊಬ್ಬ ಗಮೋರಾ ಬರುತ್ತಾಳೆ. 2023ರ ಮೂರನೆಯ ಭಾಗದಲ್ಲಿ ಅವಳಿಗೆ ಪೀಟರ್ ಕ್ವಿಲ್ ಮೇಲೆ ಪ್ರೀತಿಯಿಲ್ಲ, ಕೊನೆಗೂ ಹುಟ್ಟುವುದಿಲ್ಲ. ಹೋದವಳು ಹೋದಳು, ಇವಳು ಬೇರೆಯವಳು ಎಂದು ಅವನು ಕಲಿಯಬೇಕಾಗುತ್ತದೆ. ಹಿಂದಿರುಗಿಸಿಯೂ ಬೆಲೆ ಕೇಳಬಹುದು ಎಂಬುದಕ್ಕೆ ಇವೆರಡೇ ಸಾಕ್ಷಿ.

ಬೆಲೆ ವಾಪಸು ಮಾಡಿದರೆ ಏನಾಗುತ್ತದೆ ಎಂದು ತಿಳಿಯಲು ಮತ್ತೆ ‘ಟರ್ಮಿನೇಟರ್’ ನೋಡಿ. ಎರಡನೆಯ ಭಾಗದಲ್ಲಿ ಅಷ್ಟು ಕಷ್ಟಪಟ್ಟು ಉಳಿಸಿದ ಹುಡುಗನನ್ನು 2019ರ ‘ಡಾರ್ಕ್ ಫೇಟ್’ ಮೊದಲ ಕೆಲವೇ ನಿಮಿಷಗಳಲ್ಲಿ ಕೊಂದುಹಾಕುತ್ತದೆ, ಅದೇ ಹಳೆಯ ಕಥೆಯನ್ನು ಹೊಸ ಹುಡುಗಿಯನ್ನಿಟ್ಟು ಹೇಳಲಿಕ್ಕೆ. ಇಲ್ಲಿ ಸಾವಿದೆ, ಆದರೆ ಹಿಂದಿನ ತ್ಯಾಗಕ್ಕೆ ಅರ್ಥವೇ ಉಳಿಯಲಿಲ್ಲ. ಪ್ರೇಕ್ಷಕರು ಆ ಚಿತ್ರದ ಕೈ ಹಿಡಿಯಲಿಲ್ಲ.

ಎರಡನೆಯ ತಕರಾರು ಸಂಖ್ಯೆಯದ್ದು. 2008ರ ‘ಐರನ್ ಮ್ಯಾನ್’ನಿಂದ ಹಿಡಿದು ‘ಎಂಡ್‌ಗೇಮ್’ವರೆಗೆ ಹನ್ನೊಂದು ವರ್ಷದಲ್ಲಿ 22 ಚಿತ್ರಗಳು ಬಂದವು. ಆಮೇಲೆ ಒಟಿಟಿ ಸರಣಿಗಳೂ ಸೇರಿ ಪ್ರವಾಹವೇ ಹರಿಯಿತು. 2023ರ ‘ದಿ ಮಾರ್ವೆಲ್ಸ್’ ಪೂರ್ತಿ ಅರ್ಥವಾಗಬೇಕಾದರೆ ಹಿಂದಿನ ಸಿನಿಮಾದ ಜತೆಗೆ ಎರಡು ವೆಬ್ ಸರಣಿಗಳನ್ನೂ ನೋಡಿರಬೇಕಿತ್ತು. ನಮ್ಮ ಸಿಲಬಸ್ಸೇ ಮುಗಿಯುತ್ತಿಲ್ಲ, ಇನ್ನು ಸಿನಿಮಾಕ್ಕೂ ಸಿಲಬಸ್ ಬೇಕೇ? ಆ ಚಿತ್ರದ ಗಳಿಕೆ ಮಾರ್ವೆಲ್ ಸರಣಿಯಲ್ಲೇ ಅತಿ ಕಡಿಮೆ. ಸಂಖ್ಯೆ ಹೆಚ್ಚಿಸಲು ಹೋಗಿ ಗುಣಮಟ್ಟ ತೆಳುವಾಯಿತು ಎಂದು ಆಗ ಡಿಸ್ನಿಯ ಮುಖ್ಯಸ್ಥರಾಗಿದ್ದ ಬಾಬ್ ಐಗರ್ ಅವರೇ ಬಹಿರಂಗವಾಗಿ ಒಪ್ಪಿಕೊಂಡರು. 2024ರಲ್ಲಿ ಮಾರ್ವೆಲ್ ಚಿತ್ರಗಳನ್ನು ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರಕ್ಕೆ ಇಳಿಸುವುದಾಗಿಯೂ ಹೇಳಿದರು.

ಈಗ ‘ಡ್ಯೂನ್’ ವಿಷಯ. ಡೆನಿ ವಿಲ್ನೆವ್ ನಿರ್ದೇಶನದ ಎರಡನೆಯ ಭಾಗ 2024ರ ಮಾರ್ಚ್‌ನಲ್ಲಿ ಬಂತು. ಪಾಲ್ ಎಂಬ ಹುಡುಗ ಮರುಭೂಮಿಯ ಜನರ ನಾಯಕನಾಗಿ ಸಾಮ್ರಾಟನನ್ನೇ ಮಣಿಸುತ್ತಾನೆ. ಬೇರೆ ಯಾವ ಚಿತ್ರವಾದರೂ ಇಲ್ಲಿಗೆ ಜಯಘೋಷ ಹಾಕಿ ಮುಗಿಸುತ್ತಿತ್ತು. ಇಲ್ಲಿ ಆ ಗೆಲುವೇ ಭಯ ಹುಟ್ಟಿಸುತ್ತದೆ. ಅವನ ಹೆಸರಿನಲ್ಲಿ ಲೆಕ್ಕವಿಲ್ಲದಷ್ಟು ಜನ ಸಾಯಲಿರುವ ಧರ್ಮಯುದ್ಧಕ್ಕೆ ಹಡಗುಗಳು ಹೊರಡುತ್ತವೆ. ಅವನನ್ನು ಪ್ರೀತಿಸಿದ ಚಾನಿ ತಲೆಬಾಗಲು ಒಪ್ಪದೆ ಒಬ್ಬಳೇ ಎದ್ದು ನಡೆಯುತ್ತಾಳೆ. ಫ್ರಾಂಕ್ ಹರ್ಬರ್ಟ್ ಅವರ 1965ರ ಕಾದಂಬರಿಯಲ್ಲಿ ಚಾನಿ ಹೀಗೆ ಬಿಟ್ಟುಹೋಗುವುದಿಲ್ಲ, ಇದು ಸಿನಿಮಾದವರೇ ಮಾಡಿಕೊಂಡ ಬದಲಾವಣೆ. ನಾಯಕನನ್ನು ನಂಬುವ ಮುನ್ನ ಒಮ್ಮೆ ಯೋಚಿಸಿ ಎಂದು 19 ಕೋಟಿ ಡಾಲರ್ ಬಜೆಟ್ಟಿನ ಸೀಕ್ವೆಲ್ ಒಂದು ಹೇಳಬಲ್ಲದು, ಹೇಳಿ 70 ಕೋಟಿಗೂ ಹೆಚ್ಚು ಗಳಿಸಬಲ್ಲದು. ‘ಜನಕ್ಕೆ ಇಷ್ಟೇ ಸಾಕು’ ಎನ್ನುವ ನಿರ್ಮಾಪಕರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಇಲ್ಲಿಯವರೆಗೆ ಪರದೆಯ ಮೇಲಿನವರು ತೆರುವ ಬೆಲೆಯ ಮಾತಾಯಿತು. ಪರದೆಯ ಹಿಂದೆ ಬೆಲೆ ತೆರುವವರೂ ಇದ್ದಾರೆ. ಅವರಲ್ಲಿ ನಮ್ಮವರೇ ಬಹಳಷ್ಟು ಮಂದಿ. ಚಿತ್ರದ ಕೊನೆಯಲ್ಲಿ ವಿಎಫ್‌ಎಕ್ಸ್ ವಿಭಾಗದ ಹೆಸರುಗಳನ್ನು ಗಮನಿಸಿ. ಸಾಲುಸಾಲಾಗಿ ಭಾರತದ ಹೆಸರುಗಳು ಬರುತ್ತವೆ. ಬೆಂಗಳೂರು, ಮುಂಬೈ, ಹೈದರಾಬಾದ್, ಚೆನ್ನೈಗಳಲ್ಲಿ ಕುಳಿತು ನಟನ ಆಕೃತಿಯನ್ನು ಒಂದೊಂದು ಫ್ರೇಮಿನಲ್ಲೂ ಹಿನ್ನೆಲೆಯಿಂದ ಬಿಡಿಸುವ ರೋಟೊ ಕೆಲಸ, ದಾರ ತಂತಿಗಳನ್ನು ಅಳಿಸುವ ಪೇಂಟ್ ಕೆಲಸ ಮಾಡಿದವರು ಅವರು. ಪಿಯುಸಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನೊಬ್ಬ ಅನಿಮೇಷನ್ ಕೋರ್ಸ್ ಮಾಡಿ ಇಂಥ ಕೆಲಸಕ್ಕೆ ಸೇರಿದ. ಡೆಲಿವರಿ ಹತ್ತಿರ ಬಂದರೆ ಭಾನುವಾರವೂ ಇಲ್ಲ, ಮನೆಯ ಫೋನೂ ಇಲ್ಲ. ‘ನಿಂಗೆ ಎರಡು ಸೆಕೆಂಡಿನ ಶಾಟು ಮಾರಾಯ, ನಂಗೆ ಎರಡು ವಾರ’ ಎನ್ನುತ್ತಾನೆ.

ಕಾರಣ ಲೆಕ್ಕದಲ್ಲಿದೆ. ವಿಎಫ್‌ಎಕ್ಸ್ ಕಂಪನಿಗಳು ಸಾಮಾನ್ಯವಾಗಿ ಕೆಲಸ ಹಿಡಿಯುವುದು ಮೊದಲೇ ನಿಗದಿಯಾದ ಮೊತ್ತಕ್ಕೆ, ಪೈಪೋಟಿಯಲ್ಲಿ ಕಡಿಮೆ ದರ ಕೂಗಿ. ಬಿಡುಗಡೆ ದಿನಾಂಕ ವರ್ಷಗಳ ಮುಂಚೆಯೇ ಕಲ್ಲಿನಲ್ಲಿ ಕೆತ್ತಿದಂತೆ. ಕಥೆ ಮಾತ್ರ ಕೊನೆಯವರೆಗೂ ಬದಲಾಗುತ್ತಲೇ ಇರುತ್ತದೆ. ಬದಲಾದಾಗಲೆಲ್ಲ ಹೆಚ್ಚುವರಿ ದುಡಿಮೆ ಬೀಳುವುದು ಕಂಪ್ಯೂಟರಿನ ಮುಂದೆ ಕುಳಿತವನ ಮೇಲೆ. ‘ಲೈಫ್ ಆಫ್ ಪೈ’ಯ ಹುಲಿಯನ್ನು ಸೃಷ್ಟಿಸಿದ ರಿದಮ್ ಆ್ಯಂಡ್ ಹ್ಯೂಸ್ ಸಂಸ್ಥೆ 2013ರ ಫೆಬ್ರುವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಅದೇ ತಿಂಗಳು ಆ ಚಿತ್ರದ ವಿಎಫ್‌ಎಕ್ಸ್‌ಗೆ ಆಸ್ಕರ್ ಬಂತು! 2023ರ ಸೆಪ್ಟೆಂಬರ್‌ನಲ್ಲಿ ಮಾರ್ವೆಲ್‌ನ ವಿಎಫ್‌ಎಕ್ಸ್ ಸಿಬ್ಬಂದಿ ಕಾರ್ಮಿಕ ಸಂಘ ಸೇರಲು ಅವಿರೋಧವಾಗಿ ಮತ ಹಾಕಿದರು. 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನ ಕೇಂದ್ರಕ್ಕೂ ಬೀಗ ಬಿತ್ತು, ದೇಶದಲ್ಲಿ ಸಾವಿರಾರು ಮಂದಿ ಒಂದೇ ಏಟಿಗೆ ಕೆಲಸ ಕಳೆದುಕೊಂಡರು. ಗ್ರಾಫಿಕ್ಸ್ ವಿಷಯವನ್ನು ಎಲೆಕ್ಟಿವ್ ಆಗಿ ಆರಿಸಿಕೊಂಡ ನನ್ನಂಥವರಿಗೆ ಇದು ಸಿನಿಮಾ ಸುದ್ದಿ ಮಾತ್ರವಲ್ಲ, ನಾಳೆಯ ಅನ್ನದ ಸುದ್ದಿ.

ಹಾಗಾದರೆ ಇಂಥ ಚಿತ್ರ ಬೇರೆ ರೀತಿಯಲ್ಲಿ ಮಾಡಲು ಬರುವುದಿಲ್ಲವೇ? ಜಪಾನಿನ ‘ಗಾಡ್ಜಿಲ್ಲಾ ಮೈನಸ್ ಒನ್’ ನೋಡಿ. ಗಾಡ್ಜಿಲ್ಲಾ 1954ರಿಂದ ನಡೆದುಬಂದ ಸರಣಿ, ಅಂದರೆ ಹಳೆಯ ಸರಕೇ. 2023ರ ಈ ಚಿತ್ರದ ನಿರ್ದೇಶಕ ತಕಾಶಿ ಯಮಜಾಕಿ ತಾವೇ ವಿಎಫ್‌ಎಕ್ಸ್ ಮೇಲ್ವಿಚಾರಕರು. ಸುಮಾರು 35 ಮಂದಿಯ ತಂಡ 610 ಶಾಟ್‌ಗಳನ್ನು ಮಾಡಿತು. 2024ರ ವಿಎಫ್‌ಎಕ್ಸ್ ಆಸ್ಕರ್ ಅದರ ಪಾಲಾಯಿತು, ಭಾರಿ ಬಜೆಟ್ಟಿನ ಹಾಲಿವುಡ್ ಚಿತ್ರಗಳನ್ನು ಹಿಂದಿಕ್ಕಿ. ಏನು ಬೇಕೆಂದು ಮೊದಲೇ ಗೊತ್ತಿದ್ದ ನಿರ್ದೇಶಕ ಕಲಾವಿದರ ಪಕ್ಕದಲ್ಲೇ ಕುಳಿತಿದ್ದರಿಂದ ವ್ಯರ್ಥ ದುಡಿಮೆ ಉಳಿಯಿತು. ಕೋಡ್ ಬರೆಯುವ ಮುನ್ನ ಡಿಸೈನ್ ಗಟ್ಟಿ ಮಾಡಿಕೊಳ್ಳಿ ಎಂದು ನಮ್ಮ ಮೇಷ್ಟ್ರು ಬಡಿದುಕೊಳ್ಳುವುದೂ ಇದನ್ನೇ.

‘ಎರಡೂವರೆ ಗಂಟೆ ನಕ್ಕು ಬರಲು ಇಷ್ಟೆಲ್ಲ ಯಾಕಪ್ಪಾ?’ ಎಂದು ಕೇಳುವವರಿದ್ದಾರೆ. ಸೆಮಿಸ್ಟರ್ ಪೂರ್ತಿ ತಲೆಬಿಸಿ, ಆಮೇಲೆ ಪ್ಲೇಸ್‌ಮೆಂಟ್ ತಲೆಬಿಸಿ, ನಡುವೆ ಒಂದಿಷ್ಟು ಗದ್ದಲ ಬೇಕು ಎನ್ನುವುದು ನ್ಯಾಯವೇ. ನಾನೂ ಅದಕ್ಕಾಗಿಯೇ ಹೋಗುತ್ತೇನೆ. ಆದರೆ ದೊಡ್ಡ ಪರದೆಯ ಒಂದು ಟಿಕೆಟ್ಟಿನ ದುಡ್ಡಿನಲ್ಲಿ ನನ್ನ ಮೆಸ್ಸಿನ ಹಲವು ದಿನಗಳ ಊಟವಾಗುತ್ತದೆ. ಅಷ್ಟು ಕೊಟ್ಟು ಹೋದವನು ಕಥೆಯಲ್ಲೂ ಸ್ವಲ್ಪ ತೂಕ ಕೇಳಿದರೆ ತಪ್ಪೇನು?

ನಮ್ಮ ಮಾತಿಗೆ ಬೆಲೆಯಿಲ್ಲ ಎಂದೂ ಅಲ್ಲ. ‘ಎಂಡ್‌ಗೇಮ್’ ನಮ್ಮಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂದಿತ್ತು, ಕನ್ನಡದಲ್ಲಿ ಇರಲಿಲ್ಲ. ಕನ್ನಡದಲ್ಲೂ ಬೇಕು ಎಂಬ ಕೂಗು ಇತ್ತು. 2022ರಲ್ಲಿ ‘ಅವತಾರ್’ನ ಎರಡನೆಯ ಭಾಗ, 2023ರಲ್ಲಿ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಕನ್ನಡದಲ್ಲೂ ಬಂದವು. ಶೋಗಳು ಹೆಚ್ಚಬೇಕು, ಪಾತ್ರಗಳು ಪುಸ್ತಕದ ಭಾಷೆ ಬಿಟ್ಟು ನಾವು ಮಾತಾಡುವ ಕನ್ನಡ ಮಾತಾಡಬೇಕು. ಅದಾಗಬೇಕಾದರೆ ಕನ್ನಡದ ಶೋ ಇರುವಾಗ ನಾವು ಅಲ್ಲಿಗೇ ಹೋಗಬೇಕು. ಕಥೆಯ ಮಟ್ಟಿಗೂ ಇದೇ ಸೂತ್ರ. ‘ದಿ ಮಾರ್ವೆಲ್ಸ್’ಗೆ ಸೀಟು ಖಾಲಿ ಬಿದ್ದ ಮೇಲೆಯೇ ಅಲ್ಲವೇ ವರ್ಷಕ್ಕೆ ಮೂರಕ್ಕಿಂತ ಹೆಚ್ಚು ಬೇಡ ಎಂಬ ಮಾತು ಬಂದದ್ದು? ಅವರಿಗೆ ಅರ್ಥವಾಗುವ ವಿಮರ್ಶೆ ಬುಕಿಂಗ್ ಆ್ಯಪಿನಲ್ಲಿದೆ.

ಡಿಸೆಂಬರ್‌ನಲ್ಲಿ ನಾನು ಮೊದಲು ‘ಡ್ಯೂನ್’ಗೆ ಹೋಗುತ್ತೇನೆ, ಆಮೇಲೆ ‘ಡೂಮ್ಸ್‌ಡೇ’ಗೂ ಹೋಗುತ್ತೇನೆ. ಚೆನ್ನಾಗಿದ್ದರೆ ಎರಡನೆಯ ಸಲವೂ ಹೋಗಿ, ಗೆಳೆಯರ ಹತ್ತಿರ ಪಂದ್ಯದ ದುಡ್ಡು ಕಟ್ಟುತ್ತೇನೆ. ಬರೆಯುವವರಲ್ಲಿ ನನ್ನ ಕೋರಿಕೆ ಒಂದೇ. ನೀವು ಯಾರನ್ನಾದರೂ ಕೊಂದರೆ ನಮಗೆ ಅಳಲು ಪುರುಸೊತ್ತು ಕೊಡಿ, ಸತ್ತವರನ್ನು ಮಲಗಲು ಬಿಡಿ. ಅವರ ಜಾಗಕ್ಕೆ ಹೊಸಬರು ಬರಲಿ. ನಮ್ಮ ಅಪ್ಪಂದಿರ ಕಾಲದ ನಾಯಕರನ್ನು ನಾವು ಪ್ರೀತಿಸಿದ್ದಾಯಿತು, ನಮ್ಮ ಕಾಲಕ್ಕೂ ನಮ್ಮದೇ ಆದ ಒಬ್ಬರು ಬೇಕು.